ಪಿಎಸ್5, ಎಕ್ಸ್‌ಬಾಕ್ಸ್, ಸ್ವಿಚ್: ಕಾಸರಗೋಡಿನ ಮನೆಗೆ ಯಾವುದು?

ಹೋದ ತಿಂಗಳು ಪೆರ್ಲದ ಚಿಕ್ಕಮ್ಮನ ಮನೆಯ ಪೂಜೆಗೆ ಹೋಗಿದ್ದೆ. ಊಟವಾಗಿ ಚಾವಡಿಯಲ್ಲಿ ಕೂತಿದ್ದಾಗ ಚಿಕ್ಕಮ್ಮನ ಮಗ ಮೊಬೈಲು ಹಿಡಿದುಕೊಂಡು ಪಕ್ಕಕ್ಕೆ ಬಂದ. "ಅಣ್ಣಾ, ಅಡಿಕೆ ಕೊಟ್ಟ ದುಡ್ಡಿನಲ್ಲಿ ಅಪ್ಪ ಅರುವತ್ತು ಸಾವಿರದವರೆಗೆ ಕೊಡ್ತಾರಂತೆ. ಪಿಎಸ್5 ತೆಗೊಳ್ಳಲಾ, ಎಕ್ಸ್‌ಬಾಕ್ಸ್ ತೆಗೊಳ್ಳಲಾ?" ಡಿಗ್ರಿಯ ಕೊನೆಯ ವರ್ಷದ ಹುಡುಗ. ಹಿಂದಿನಿಂದ ಅವನ ಒಂಬತ್ತು ವರ್ಷದ ತಂಗಿ, "ಸ್ವಿಚ್ ತೆಗೊಳ್ಳಿ, ಅದರಲ್ಲಿ ಮಾರಿಯೋ ಇದೆ" ಎಂದಳು. ಮೊಬೈಲಿನಲ್ಲಿ ಹೊರದೇಶದವರೊಬ್ಬರು ಮಾಡಿದ ಹೋಲಿಕೆಯ ವೀಡಿಯೊ ಓಡುತ್ತಿತ್ತು. ಯಾವುದಕ್ಕೆ ಎಷ್ಟು ಟೆರಾಫ್ಲಾಪ್, ಯಾವುದರಲ್ಲಿ ಎಷ್ಟು ಫ್ರೇಮ್ ಎಂದೆಲ್ಲ ವಿವರವಾಗಿ ಹೇಳುತ್ತಿದ್ದರು. ಹೇಳಿದ್ದೆಲ್ಲ ಸರಿಯೇ. ಪತ್ತನಾಜೆ ಕಳೆದು ಮಳೆಗಾಲ ಶುರುವಾದ ಮೇಲೆ ಪೆರ್ಲದಲ್ಲಿ ರಾತ್ರಿ ಎಂಟಕ್ಕೆ ಕರೆಂಟು ಹೋದರೆ ಏನು ಗತಿ ಎಂಬುದು ಮಾತ್ರ ಅದರಲ್ಲಿರಲಿಲ್ಲ.

ಟಿವಿಗೆ ಸೇರಿಸಿ ವೀಡಿಯೊ ಗೇಮ್ ಆಡುವ ಇಂಥ ಯಂತ್ರಗಳಲ್ಲಿ, ಅಂದರೆ ಕನ್ಸೋಲ್‌ಗಳಲ್ಲಿ, ಹದಿನೈದು ವರ್ಷದಿಂದ ಆಡುತ್ತಿದ್ದೇನೆ. ನನ್ನ ಕನ್ಸೋಲ್‌ಗಳ ಪೈಕಿ ಒಂದು ಸಿಡಿಲಿಗೆ ಹೋಗಿದೆ, ಒಂದು ದುಬೈಯಿಂದ ಬಂದಿದೆ, ಒಂದನ್ನು ಮಂಗಳೂರಿನಲ್ಲಿ ಕೊಂಡಿದ್ದೇನೆ. ನಮ್ಮ ಕಡೆಯ ಮನೆಗೆ ಯಾವುದು ಹೊಂದುತ್ತದೆ ಎಂಬುದನ್ನು ಚಿತ್ರದ ಗುಣಮಟ್ಟಕ್ಕಿಂತ ಮೊದಲು ನಾಲ್ಕು ಸಂಗತಿಗಳು ತೀರ್ಮಾನಿಸುತ್ತವೆ: ಕರೆಂಟು, ಇಂಟರ್ನೆಟ್ಟು, ಡಿಸ್ಕ್ ಕೈಬದಲಾಯಿಸಲು ಸಿಗುವ ಗೆಳೆಯರು, ಕೆಟ್ಟರೆ ಹಿಡಿದುಕೊಂಡು ಹೋಗಬೇಕಾದ ದೂರ. ಆ ದಿನ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಬೆಲೆಯ ಮಾತು ಮೊದಲು

ಸೋನಿಯ ಪಿಎಸ್5 (ಪ್ಲೇಸ್ಟೇಷನ್ 5) ಜಗತ್ತಿಗೆ ಬಂದದ್ದು 2020ರ ನವೆಂಬರ್‌ನಲ್ಲಿ, ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ಆಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ, ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿಗೆ 39,990. ಎರಡೂ 2022ರ ನವೆಂಬರ್‌ನಲ್ಲಿ ಐದೈದು ಸಾವಿರ ಏರಿದವು. 2024ರ ಏಪ್ರಿಲ್‌ನಲ್ಲಿ ತೆಳ್ಳಗಿನ ಸ್ಲಿಮ್ ಮಾದರಿ ಬಂದಾಗಲೂ ಅದೇ 54,990 ಮತ್ತು 44,990. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 2020ರ ನವೆಂಬರ್ 10ರಂದೇ ಇಲ್ಲಿಗೂ ಬಂತು; ಆಗ ಸೀರೀಸ್ ಎಕ್ಸ್‌ಗೆ 49,990, ಸಣ್ಣದಾದ ಸೀರೀಸ್ ಎಸ್‌ಗೆ 34,990. ನಿಂಟೆಂಡೊ ಮಾತ್ರ ಭಾರತದಲ್ಲಿ ಅಧಿಕೃತವಾಗಿ ಸ್ವಿಚ್ ಮಾರುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಕಾಣುವುದೆಲ್ಲ ಹೊರಗಿನಿಂದ ತರಿಸಿದ್ದು, ಹಾಗಾಗಿ ಅಂಗಡಿಗೊಂದು ಬೆಲೆ.

ಪಿಎಸ್4ರ ಕಾಲದಲ್ಲಿ ಹಿರಿಯರು "ಎರಡು ವರ್ಷ ಕಾಯಿ, ಅರ್ಧಕ್ಕೆ ಇಳಿಯುತ್ತದೆ" ಎನ್ನುತ್ತಿದ್ದರು. ಈ ತಲೆಮಾರಿನ ಕನ್ಸೋಲ್‌ಗಳಲ್ಲಿ ಅದು ನಡೆಯಲಿಲ್ಲ. 2025ರಲ್ಲಿ ಅಮೆರಿಕದಲ್ಲಿಯೇ ಮೂರೂ ಕಂಪನಿಗಳು ಹಳೆಯ ಕನ್ಸೋಲ್‌ಗಳ ಬೆಲೆ ಏರಿಸಿದವು. ಬೆಲೆ ಇಳಿಯಲಿ ಎಂದು ಕಾಯುವುದರಲ್ಲಿ ಈಗ ಲಾಭವಿಲ್ಲ. ದೀಪಾವಳಿಯ ಹೊತ್ತಿಗೆ ಕೆಲವು ಸಾವಿರ ರಿಯಾಯಿತಿ ಸಿಕ್ಕರೆ ಅದೇ ಒಳ್ಳೆಯ ಸಮಯ.

ಕರೆಂಟು ಮತ್ತು ಸಿಡಿಲು

ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಈ ಪಾಠವನ್ನು ನಾನು ದುಡ್ಡು ಕೊಟ್ಟೇ ಕಲಿತದ್ದು.

ಕೆಲವು ವರ್ಷಗಳ ಹಿಂದೆ, ತುಲಾ ತಿಂಗಳ ಒಂದು ಸಂಜೆ. ಪಡುವಣದಲ್ಲಿ ಬಿಸಿಲು, ಮೂಡಣದ ಗುಡ್ಡೆಯ ಮೇಲೆ ಕಪ್ಪು ಮೋಡ. ಮೊದಲ ಗುಡುಗಿಗೇ ಟಿವಿಯ ಪ್ಲಗ್ ಕಿತ್ತೆ, ಪಿಎಸ್4ರ ಪ್ಲಗ್ಗನ್ನೂ ಕಿತ್ತೆ. ಹತ್ತು ನಿಮಿಷದಲ್ಲಿ ತೋಟದ ಆಚೆ ಎಲ್ಲೋ ಸಿಡಿಲು ಬಡಿಯಿತು. ಮರುದಿನ ಹಾಕಿದರೆ ಪಿಎಸ್4ರಲ್ಲಿ ದೀಪ ಹೊತ್ತುತ್ತದೆ, ಟಿವಿಯಲ್ಲಿ ಚಿತ್ರವಿಲ್ಲ. ಮೋಡೆಮ್ಮಿನಿಂದ ಬಂದ ಲ್ಯಾನ್ ವಯರು ಕನ್ಸೋಲ್‌ಗೆ ಸಿಕ್ಕಿಸಿದ ಹಾಗೆಯೇ ಇತ್ತು. ಮೋಡೆಮ್ಮಿಗೆ ಕಂಬದಿಂದ ತಾಮ್ರದ ತಂತಿ ಬರುತ್ತಿತ್ತು. ಸಿಡಿಲಿನ ವೋಲ್ಟೇಜು ಆ ದಾರಿಯಲ್ಲಿ ಬಂದು ಲ್ಯಾನ್ ಪೋರ್ಟನ್ನೂ ಟಿವಿಗೆ ಚಿತ್ರ ಕಳುಹಿಸುವ ಎಚ್‌ಡಿಎಂಐಯನ್ನೂ ಸುಟ್ಟಿತ್ತು. ಪ್ಲಗ್ ಕಿತ್ತರೆ ಸಾಲದು, ಗೋಡೆಯಿಂದ ಬರುವ ಎಲ್ಲ ವಯರುಗಳನ್ನೂ ತೆಗೆಯಬೇಕು. ಮನೆಗೆ ಫೈಬರ್ ಬಂದಿದ್ದರೆ ಅಪಾಯ ಕಡಿಮೆ, ಏಕೆಂದರೆ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೂ ಮೋಡೆಮ್ಮಿನ ಅಡಾಪ್ಟರು ಕರೆಂಟಿನ ಲೈನಿನಲ್ಲೇ ಇರುತ್ತದೆಯಲ್ಲ! ನಾನು ಈಗ ಲ್ಯಾನ್ ವಯರು ಹಾಕುವುದನ್ನೇ ಬಿಟ್ಟು ವೈಫೈಯಲ್ಲಿ ಆಡುತ್ತೇನೆ. ಡಿಶ್ ಅಥವಾ ಕೇಬಲ್ ಟಿವಿಯ ಪೆಟ್ಟಿಗೆ ಅದೇ ಟಿವಿಗೆ ಸೇರಿದ್ದರೆ ಅದರ ವಯರಿನ ಮೂಲಕವೂ ಇದೇ ಕಥೆ.

ಈಗ ಹೋಲಿಕೆಗೆ ಬರೋಣ. ಆಡುವಾಗ ಪಿಎಸ್5 ಸುಮಾರು 200 ವ್ಯಾಟ್ ಎಳೆಯುತ್ತದೆ, ಸೀರೀಸ್ ಎಕ್ಸ್ ಹೆಚ್ಚು ಕಡಿಮೆ ಅಷ್ಟೇ. ಸೀರೀಸ್ ಎಸ್ ಸುಮಾರು 75 ವ್ಯಾಟ್. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿರುವ 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯ ಇನ್ವರ್ಟರನ್ನು ತೆಗೆದುಕೊಳ್ಳಿ. 12 ವೋಲ್ಟಿಗೆ ಗುಣಿಸಿದರೆ ಕಾಗದದ ಮೇಲೆ 1,800 ವ್ಯಾಟ್-ಗಂಟೆ. ಇನ್ವರ್ಟರಿನ ನಷ್ಟ ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಉಳಿಸಿಕೊಂಡರೆ ನಿಜಕ್ಕೂ ಬಳಸಲು ಸಿಗುವುದು ಸಾವಿರ ಎಂದಿಟ್ಟುಕೊಳ್ಳಿ. ಪಿಎಸ್5ಕ್ಕೆ 200, ಟಿವಿಗೆ 80, ಮನೆಯ ಫ್ಯಾನು-ಲೈಟಿಗೆ 120 ಎಂದರೆ ಎರಡೂವರೆ ಗಂಟೆ. ಸೀರೀಸ್ ಎಸ್ ಆದರೆ ಮೂರೂವರೆ ಗಂಟೆ ದಾಟುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನು ತುಂಡಾದರೆ ಕರೆಂಟು ಬರುವುದು ಮರುದಿನವೇ. ಅಂಥ ರಾತ್ರಿ ಕನ್ಸೋಲ್ ಹಾಕಿ ಬ್ಯಾಟರಿ ಖಾಲಿ ಮಾಡಿದರೆ ಮನೆಯವರ ಮುಖ ನೋಡುವುದು ಕಷ್ಟ.

ಇನ್ವರ್ಟರು ಸೈನ್ ವೇವಿನದೇ ಆಗಿರಲಿ. ಹಳೆಯ ಸ್ಕ್ವೇರ್ ವೇವಿನದಾದರೆ ಅದರಲ್ಲಿ ಕನ್ಸೋಲ್ ಓಡಿಸಬೇಡಿ. ಹೆಚ್ಚಿನ ಇನ್ವರ್ಟರುಗಳ ಮೇಲೆ ಯುಪಿಎಸ್ ಮೋಡ್ ಎಂಬ ಸಣ್ಣ ಸ್ವಿಚ್ಚೊಂದಿರುತ್ತದೆ. ಅದನ್ನು ಹಾಕಿದರೆ ಲೈನಿನಿಂದ ಬ್ಯಾಟರಿಗೆ ಬದಲಾಗುವ ಹೊತ್ತು ಕಡಿಮೆಯಾಗಿ, ಆಟದ ನಡುವೆ ಕನ್ಸೋಲ್ ಆರುವುದಿಲ್ಲ. ಆಡುವಾಗ ಫಕ್ಕನೆ ಕರೆಂಟು ಹೋದರೆ ಪಿಎಸ್5 ಮುಂದಿನ ಸಲ ಹೊತ್ತುವಾಗ ಸರಿಯಾಗಿ ಆರಿಸಿಲ್ಲ ಎಂದು ಹೇಳಿ ತನ್ನ ಸ್ಟೋರೇಜನ್ನು ಪರೀಕ್ಷಿಸುತ್ತದೆ. ಒಂದೆರಡು ಸಲ ಪರವಾಗಿಲ್ಲ, ದಿನಾ ಆಗುವುದು ಒಳ್ಳೆಯದಲ್ಲ. ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜು 170ಕ್ಕೆ ಇಳಿಯುವುದುಂಟು. ಪಿಎಸ್5 ಸಾಮಾನ್ಯವಾಗಿ ಇದನ್ನು ತಡೆದುಕೊಳ್ಳುವುದರಿಂದ ಸ್ಟೆಬಿಲೈಸರಿಗೆ ದುಡ್ಡು ಹಾಕುವ ಅಗತ್ಯವಿಲ್ಲ. ಆ ದುಡ್ಡನ್ನು ಅರ್ಥಿಂಗ್ ಸರಿಮಾಡಿಸಲು ಬಳಸಿ. ಅರ್ಥಿಂಗ್ ಇಲ್ಲದಿದ್ದರೆ ಎಷ್ಟು ದುಬಾರಿಯ ಸ್ಪೈಕ್ ಬಸ್ಟರೂ ಪೂರ್ತಿ ಕೆಲಸ ಮಾಡದು.

ಸ್ವಿಚ್ ಗೆಲ್ಲುವುದು ಇಲ್ಲಿ. ಅದಕ್ಕೆ ತನ್ನದೇ ಪರದೆ, ಬ್ಯಾಟರಿ ಇರುವುದರಿಂದ ಕೈಯಲ್ಲಿ ಹಿಡಿದೇ ಆಡಬಹುದು. ಸ್ವಿಚ್ ಓಎಲ್ಇಡಿ ಮಾದರಿಗೆ ಕಂಪನಿ ಹೇಳುವ ಬ್ಯಾಟರಿ ಅವಧಿ ನಾಲ್ಕೂವರೆಯಿಂದ ಒಂಬತ್ತು ಗಂಟೆ. 2025ರ ಜೂನ್ 5ರಂದು ಬಂದ ಸ್ವಿಚ್ 2ರಲ್ಲಿ ಪರದೆ 7.9 ಇಂಚಿಗೆ ದೊಡ್ಡದಾಯಿತು, ಶಕ್ತಿಯೂ ಬಹಳ ಹೆಚ್ಚಿತು, ಬ್ಯಾಟರಿ ಮಾತ್ರ ಎರಡರಿಂದ ಆರೂವರೆ ಗಂಟೆಗೆ ಇಳಿಯಿತು. ಆಟಿಯ ಮಳೆಯಲ್ಲಿ ಕರೆಂಟಿಲ್ಲದ ಸಂಜೆ, ಹೊದಿಕೆಯೊಳಗೆ ಕೂತು ಸ್ವಿಚ್ ಆಡುವ ಸುಖ ಬೇರೆ ಯಾವ ಯಂತ್ರದಲ್ಲೂ ನನಗೆ ಸಿಕ್ಕಿಲ್ಲ. ಟಿವಿ ಒಂದೇ ಇರುವ ಮನೆಗೂ ಅದು ಅನುಕೂಲ: ಸಂಜೆ ಏಳಕ್ಕೆ ಧಾರಾವಾಹಿ ಶುರುವಾದರೆ ಯಂತ್ರವನ್ನು ಟಿವಿಗೆ ಸೇರಿಸುವ ಡಾಕ್‌ನಿಂದ ತೆಗೆದು ಕೋಣೆಗೆ ಹೋದರಾಯಿತು. ಪಿಎಸ್5 ಮತ್ತು ಎಕ್ಸ್‌ಬಾಕ್ಸ್‌ನಲ್ಲಿ ರಿಮೋಟ್ ಪ್ಲೇ ಮೂಲಕ ಮೊಬೈಲಿನ ಪರದೆಯಲ್ಲಿ ಆಡಬಹುದು. ವೈಫೈ ಚೆನ್ನಾಗಿರಬೇಕು, ಕನ್ಸೋಲ್ ಅಷ್ಟು ಹೊತ್ತೂ ಕರೆಂಟು ತಿನ್ನುತ್ತಿರುತ್ತದೆ.

ಡಿಸ್ಕೋ, ಡೌನ್‌ಲೋಡೋ

ದೊಡ್ಡ ಆಟಗಳು ಈಗ 100 ಜಿಬಿ ದಾಟುತ್ತವೆ. 40 ಎಂಬಿಪಿಎಸ್ ವೇಗ ಒಂದೇ ಸಮನೆ ಸಿಕ್ಕರೆ 100 ಜಿಬಿ ಇಳಿಯಲು ಐದೂವರೆ ಗಂಟೆ ಬೇಕು, 20 ಆದರೆ ಹನ್ನೊಂದು ಗಂಟೆ. ಕುಂಬಳೆ, ಉಪ್ಪಳ, ಕಾಸರಗೋಡು ಪೇಟೆಯಲ್ಲಿ ಫೈಬರ್ ಇದ್ದವರಿಗೆ ಇದು ತೊಂದರೆಯಲ್ಲ. ಒಳನಾಡಿನಲ್ಲಿ, ಮೊಬೈಲಿನ ಹಾಟ್‌ಸ್ಪಾಟನ್ನೇ ನಂಬಿದವರಿಗೆ ಡಿಸ್ಕ್ ಇಲ್ಲದ ಯಂತ್ರ ಭಾರವಾಗುತ್ತದೆ. ಡಿಸ್ಕ್‌ನಿಂದ ಹಾಕಿದರೂ ಅಪ್‌ಡೇಟ್ ಇಳಿಯಬೇಕು, ನಿಜ. ಆದರೆ ಹೆಚ್ಚಿನ ಆಟಗಳ ಬಹುಪಾಲು ಡಿಸ್ಕ್‌ನಲ್ಲೇ ಇರುತ್ತದೆ.

ಸೀರೀಸ್ ಎಸ್‌ಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ. ಮೊದಲ ಮಾದರಿಯ 512 ಜಿಬಿಯಲ್ಲಿ ಆಟಕ್ಕೆ ಸಿಗುವುದು 364 ಜಿಬಿ ಮಾತ್ರ, ಅಂದರೆ ದೊಡ್ಡವು ಮೂರು ಹಾಕುವಷ್ಟರಲ್ಲಿ ತುಂಬಿತು. ನಾಲ್ಕನೆಯದಕ್ಕೆ ಒಂದನ್ನು ಅಳಿಸಬೇಕು, ಮತ್ತೆ ಬೇಕೆಂದರೆ ಮತ್ತೆ ಹನ್ನೊಂದು ಗಂಟೆ. ಸ್ಟೋರೇಜ್ ಹೆಚ್ಚಿಸಲು ಎಕ್ಸ್‌ಬಾಕ್ಸ್‌ಗೆ ಅದರದ್ದೇ ಕಾರ್ಡು ಬೇಕು. ಪಿಎಸ್5ರಲ್ಲಿ ಕಂಪ್ಯೂಟರಿಗೆ ಹಾಕುವ ಎಂ.2 ಎಸ್‌ಎಸ್‌ಡಿಯನ್ನೇ, ವೇಗ ಮತ್ತು ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಪಟ್ಟಿ) ನೋಡಿ ಕೊಂಡು, ಮನೆಯಲ್ಲೇ ಸ್ಕ್ರೂ ಬಿಚ್ಚಿ ಹಾಕಬಹುದು.

ಡಿಸ್ಕ್‌ನ ನಿಜವಾದ ಬೆಲೆ ಕೈಬದಲಾಗುವುದರಲ್ಲಿದೆ. ಹೊಸ ಪಿಎಸ್5 ಆಟಕ್ಕೆ ಐದು ಸಾವಿರದ ಹತ್ತಿರ. ನಾವು ಬದಿಯಡ್ಕ, ಮುಳ್ಳೇರಿಯ, ನೀರ್ಚಾಲು ಕಡೆಯ ಐದಾರು ಮಂದಿ ಸೇರಿ ಒಬ್ಬರು ಒಂದು ಎಂದು ಕೊಳ್ಳುತ್ತೇವೆ. ಒಬ್ಬ ಮುಗಿಸಿದ್ದು ಇನ್ನೊಬ್ಬನಿಗೆ, ಕೊನೆಗೆ ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡಿಗೆ. ಹೋದ ವರ್ಷ ನಾನು ಕೊಂಡದ್ದು ಎರಡು ಆಟ, ಆಡಿದ್ದು ಒಂಬತ್ತು. ಡಿಸ್ಕ್ ಮಾದರಿಗೆ ಹೆಚ್ಚು ಕೊಟ್ಟ ಹತ್ತು ಸಾವಿರ ಎರಡನೆಯ ವರ್ಷಕ್ಕೇ ಮರಳಿ ಬಂತು. ಸ್ಲಿಮ್ ಮಾದರಿಯ ಡಿಜಿಟಲ್ ಕೊಂಡು ಮುಂದೆ ಡಿಸ್ಕ್ ಡ್ರೈವ್ ಸೇರಿಸಬಹುದು ಎಂಬುದು ನಿಜ, ಸೇರಿಸುವಾಗ ಒಮ್ಮೆ ಇಂಟರ್ನೆಟ್ ಬೇಕು. ಆ ಡ್ರೈವನ್ನು ಬಿಡಿಯಾಗಿ ನಮ್ಮ ಕಡೆಯ ಅಂಗಡಿಯಲ್ಲಿ ನಾನು ಈವರೆಗೆ ಕಂಡಿಲ್ಲ. ಎಕ್ಸ್‌ಬಾಕ್ಸ್‌ನ ಡಿಸ್ಕ್ ನಮ್ಮ ಗುಂಪಿನಲ್ಲಿ ಯಾರ ಬಳಿಯೂ ಇಲ್ಲ. ಸೀರೀಸ್ ಎಕ್ಸ್ ಒಳ್ಳೆಯ ಯಂತ್ರವಾದರೂ ಕೊಳ್ಳಿ ಎಂದು ನಾನು ಹೇಳದಿರುವುದಕ್ಕೆ ಇದೇ ಮುಖ್ಯ ಕಾರಣ.

ಎಕ್ಸ್‌ಬಾಕ್ಸ್‌ನ ಪರವಾಗಿ ಬಹುಕಾಲ ಇದ್ದ ಮಾತು ಗೇಮ್ ಪಾಸ್. ತಿಂಗಳ ಚಂದಾ ಕಟ್ಟಿದರೆ ನೂರಾರು ಆಟ. ಕಡಿಮೆ ದುಡ್ಡಿನ ಸೀರೀಸ್ ಎಸ್, ಅದಕ್ಕೊಂದು ಗೇಮ್ ಪಾಸ್ ಎಂದು ನಾನೇ ಎಷ್ಟೋ ಮಂದಿಗೆ ಹೇಳಿದ್ದೆ. 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಚಂದಾದ ಹಂತಗಳನ್ನು ಬದಲಿಸಿ, ಮೇಲಿನ ಅಲ್ಟಿಮೇಟ್ ಹಂತದ ಬೆಲೆಯನ್ನು ಅಮೆರಿಕದಲ್ಲಿ 19.99 ಡಾಲರಿನಿಂದ 29.99ಕ್ಕೆ ಏರಿಸಿತು, ಇಲ್ಲೂ ಏರಿತು. ಜೊತೆಗೆ ಒಂದೊಂದಾಗಿ ತನ್ನ ಆಟಗಳನ್ನು ಪಿಎಸ್5ಕ್ಕೂ ಕೊಡುತ್ತಿದೆ: 2024ರಲ್ಲಿ ಸೀ ಆಫ್ ಥೀವ್ಸ್, 2025ರ ಏಪ್ರಿಲ್‌ನಲ್ಲಿ ಫೋರ್ಜಾ ಹೊರೈಜನ್ 5, ಅದೇ ವರ್ಷ ಗೇರ್ಸ್ ಆಫ್ ವಾರ್. ಎಕ್ಸ್‌ಬಾಕ್ಸ್ ಕೊಂಡರೆ ಮಾತ್ರ ಸಿಗುವ ಆಟ ಎಂಬುದೇ ಕಡಿಮೆಯಾಗುತ್ತಾ ಬಂದಿದೆ. ಮೊದಲಿನಿಂದ ಎಕ್ಸ್‌ಬಾಕ್ಸ್ ಪ್ರೀತಿಸಿದವರಿಗೆ ಇದು ನೋವಿನ ಸುದ್ದಿ, ನನಗೂ ಹೌದು. ಹಳೆಯ ಎಕ್ಸ್‌ಬಾಕ್ಸ್ ಅಕೌಂಟಿನಲ್ಲಿ ಕೊಂಡ ಆಟಗಳು ಇರುವವರಿಗೆ, ಒಳ್ಳೆಯ ಫೈಬರ್ ಇರುವವರಿಗೆ, ಕಡಿಮೆ ಕರೆಂಟಿನ ಯಂತ್ರ ಬೇಕಾದವರಿಗೆ ಸೀರೀಸ್ ಎಸ್ ಈಗಲೂ ಸಲ್ಲುತ್ತದೆ. ಆಟವನ್ನು ನಿಲ್ಲಿಸಿ, ಪ್ಲಗ್ ಕಿತ್ತು, ಮರುದಿನ ಹಾಕಿದರೂ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಯುವ ಕ್ವಿಕ್ ರೆಸ್ಯೂಮ್ ಸಿಡಿಲಿನ ಊರಿಗೆ ಹೇಳಿಮಾಡಿಸಿದಂತಿದೆ.

ದುಬೈಯ ಭಾವ ತರುತ್ತಾರೆ ಎಂದಾದರೆ

ನಮ್ಮ ಜಿಲ್ಲೆಯಲ್ಲಿ ಈ ಮಾತು ಬಾರದ ಮನೆಯಿಲ್ಲ. ದುಬೈ, ಶಾರ್ಜಾ, ಅಬುಧಾಬಿಯಲ್ಲಿ ಒಬ್ಬರಾದರೂ ಇರುತ್ತಾರೆ, ಮಂಗಳೂರಿಗೋ ಕಣ್ಣೂರಿಗೋ ಇಳಿಯುವಾಗ ತರುತ್ತಾರೆ. ಪಿಎಸ್5 ಅಲ್ಲಿಂದ ತಂದರೂ ಇಲ್ಲಿ ಓಡುತ್ತದೆ. ಪ್ಲಗ್ಗಿನ ಮೂರು ಕಡ್ಡಿ ಚಪ್ಪಟೆ. ಅದಕ್ಕೆ ಕನ್ವರ್ಟರ್ ಹಾಕಿ ತೂಗಾಡಿಸಬೇಡಿ. ಹಿಂದೆ ಟೇಪ್ ರೆಕಾರ್ಡರಿಗೆ ಬರುತ್ತಿದ್ದ, ತುದಿಯಲ್ಲಿ ಇಂಗ್ಲಿಷಿನ ಎಂಟರಂತೆ ಕಾಣುವ ವಯರೇ ಇದಕ್ಕೂ ಆಗುತ್ತದೆ, ಎಲೆಕ್ಟ್ರಿಕ್ ಅಂಗಡಿಯಲ್ಲಿ ಒಳ್ಳೆಯದನ್ನು ಕೊಂಡರೆ ಸಾಕು. ಆಟದ ಡಿಸ್ಕ್‌ಗಳಿಗೆ ದೇಶದ ಬೀಗವಿಲ್ಲ. ಅಕೌಂಟಿನ ದೇಶ ಮಾತ್ರ ಯೋಚಿಸಿ ಆರಿಸಿ. ಪ್ಲೇಸ್ಟೇಷನ್ ಅಕೌಂಟಿನಲ್ಲಿ ಒಮ್ಮೆ ಹಾಕಿದ ದೇಶವನ್ನು ಬದಲಿಸಲಾಗದು. ಭಾವ ಅಲ್ಲೇ ಬಾಕ್ಸ್ ತೆರೆದು ತಮ್ಮ ಹೆಸರಿನಲ್ಲಿ ಯುಎಇ ಅಕೌಂಟ್ ಮಾಡಿ ಕೊಟ್ಟರೆ ನಿಮ್ಮ ಕಾರ್ಡಿನಿಂದ ಕೊಳ್ಳುವುದು ಕಷ್ಟ. ಇಲ್ಲಿಗೆ ಬಂದ ಮೇಲೆ ಭಾರತದ ಅಕೌಂಟ್ ಮಾಡಿಕೊಳ್ಳಿ; ಯಂತ್ರ ಎಲ್ಲಿಯದಾದರೂ ನಡೆಯುತ್ತದೆ. ಡಿಸ್ಕ್ ಒಂದು ದೇಶದ್ದು, ಅದಕ್ಕೆ ಸೇರಿಸಿ ಕೊಳ್ಳುವ ಹೆಚ್ಚುವರಿ ಭಾಗ ಇನ್ನೊಂದು ದೇಶದ್ದು ಎಂದಾದರೆ ಅವು ಕೂಡದೆ ಹೋಗಬಹುದು, ಇದೊಂದು ನೆನಪಿರಲಿ.

ದೊಡ್ಡ ತೊಡಕು ವಾರಂಟಿಯದು. ಹೊರದೇಶದ ಯಂತ್ರಕ್ಕೆ ಇಲ್ಲಿ ವಾರಂಟಿ ನಡೆಯುವುದಿಲ್ಲ ಎಂದೇ ಲೆಕ್ಕ ಹಾಕಿ. ಐದಾರು ಸಾವಿರ ಉಳಿಯುತ್ತದೆ ಎಂದಾದರೆ ನಾನು ತರಿಸುವುದಿಲ್ಲ. ಸಿಡಿಲು, ಸೆಕೆ, ಕಡಲ ಗಾಳಿ ಇರುವ ನಮ್ಮ ಊರಲ್ಲಿ ಒಂದು ವರ್ಷದ ವಾರಂಟಿಗೆ ಅಷ್ಟು ಬೆಲೆಯಿದೆ. ಪಿಎಸ್5ರ ಹೆಚ್ಚು ಶಕ್ತಿಯ ಮಾದರಿಯಾದ ಪಿಎಸ್5 ಪ್ರೊ ಬೇಕೆಂದರೆ ಹೊರಗಿನಿಂದ ತರುವುದೇ ದಾರಿಯಾಗಿತ್ತು. 2024ರ ನವೆಂಬರ್ 7ರಂದು ಅದು ಬಂದಾಗ ಭಾರತದಲ್ಲಿ ಬಿಡುಗಡೆಯಾಗಲಿಲ್ಲ, ಅದರ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಅನುಮತಿ ಇರಲಿಲ್ಲ. ಪ್ರೊದಲ್ಲಿ ಡಿಸ್ಕ್ ಡ್ರೈವೂ ಇಲ್ಲ. ನಮ್ಮ ಮನೆಗಳ 43 ಇಂಚಿನ ಟಿವಿಗೆ ಅದು ಬೇಡ ಎಂದು ಖಡಾಖಂಡಿತವಾಗಿ ಹೇಳುತ್ತೇನೆ.

ಸ್ವಿಚ್ ಮಾತ್ರ ದುಬೈಯಿಂದ ತರಿಸುವುದೇ ಮೇಲು, ಇಲ್ಲಿ ಕೊಂಡರೂ ಕಂಪನಿಯ ವಾರಂಟಿ ಸಿಗುವುದಿಲ್ಲವಲ್ಲ. ನಿಂಟೆಂಡೊದ ಅಂಗಡಿಯಲ್ಲಿ ಭಾರತವೆಂಬ ಆಯ್ಕೆ ಇಲ್ಲ, ಬೇರೆ ದೇಶ ಹಾಕಿ ಗಿಫ್ಟ್ ಕೋಡ್ ಬಳಸಿ ಕೊಳ್ಳಬೇಕು; ದೇಶವನ್ನು ಮುಂದೆ ಬದಲಿಸಬಹುದು. ಎರಡು ಎಚ್ಚರಿಕೆ. ಸ್ವಿಚ್ 2ರಲ್ಲಿ ಜಪಾನಿಗೆಂದೇ ಮಾಡಿದ ಅಗ್ಗದ ಮಾದರಿಯೊಂದಿದೆ, ಅದರಲ್ಲಿ ಜಪಾನಿ ಭಾಷೆ ಬಿಟ್ಟು ಬೇರೆ ಭಾಷೆಯಿಲ್ಲ, ಜಪಾನಿನ ಅಕೌಂಟೇ ಬೇಕು. ಇನ್ನು, ಚಿಪ್ ಹಾಕಿ ನೂರು ಆಟ ತುಂಬಿ ಕೊಡುತ್ತೇವೆ ಎನ್ನುವ ಅಂಗಡಿಗೆ ಹೋಗಬೇಡಿ. ನಕಲಿ ಕಾರ್ಡ್ ಹಾಕಿದ ಸ್ವಿಚ್ 2 ಯಂತ್ರಗಳನ್ನು ನಿಂಟೆಂಡೊ ಬಿಡುಗಡೆಯಾದ ತಿಂಗಳಲ್ಲೇ ಆನ್‌ಲೈನ್‌ನಿಂದ ಹೊರಹಾಕಿತ್ತು.

ಮನೆಯಲ್ಲಿ ಆಡುವವರು ಯಾರು

ಕಾಲ್ಚೆಂಡಿನ ಹುಚ್ಚು ನಮ್ಮ ಜಿಲ್ಲೆಗೆ ಹೊಸದಲ್ಲ. ಇಎ ಸ್ಪೋರ್ಟ್ಸ್ ಎಫ್‌ಸಿ (2023ರವರೆಗೆ ಫಿಫಾ ಎಂಬ ಹೆಸರಿನಲ್ಲಿದ್ದದ್ದು) ಮೂರರಲ್ಲೂ ಇದೆ, ಕ್ರಿಕೆಟ್ 24 ಕೂಡ. ನಾಲ್ವರು ಗೆಳೆಯರು ಭಾನುವಾರ ಚಾವಡಿಯಲ್ಲಿ ಕೂತು ಪಂದ್ಯ ಆಡುವುದೇ ಮುಖ್ಯವಾದರೆ ಎರಡು ಕಂಟ್ರೋಲರ್ ಬೇಕೇ ಬೇಕು, ಎರಡನೆಯದರ ಬೆಲೆಯನ್ನು ಮೊದಲೇ ಸೇರಿಸಿ ಲೆಕ್ಕ ಹಾಕಿ. ಬೇರೆ ಊರಿನವರೊಡನೆ ಆನ್‌ಲೈನ್‌ನಲ್ಲಿ ಆಡಲು ಮೂರೂ ಕಡೆ ಚಂದಾ ಬೇಕು. ಉಚಿತ ಆಟಗಳಿಗೆ ಪಿಎಸ್5 ಮತ್ತು ಎಕ್ಸ್‌ಬಾಕ್ಸ್‌ನಲ್ಲಿ ಬೇಡ.

ಎಲ್ಲರೂ ಕಾಯುತ್ತಿರುವ ಜಿಟಿಎ 6 ಆಟದ ಬಿಡುಗಡೆಗೆ ಅದನ್ನು ಮಾಡುವ ರಾಕ್‌ಸ್ಟಾರ್ ಕಂಪನಿ ಮೊದಲು 2025 ಎಂದಿತು, ಆಮೇಲೆ 2026ರ ಮೇ 26, ಆಮೇಲೆ 2026ರ ನವೆಂಬರ್ 19. ಹೇಳಿರುವುದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ. ಅದಕ್ಕಾಗಿಯೇ ಕೊಳ್ಳುವವರು ಸ್ವಿಚ್‌ನ ಆಸೆ ಬಿಡಬೇಕು. ಆಟ ದೊಡ್ಡವರದು ಎಂಬುದನ್ನೂ ಮನೆಯವರಿಗೆ ತಿಳಿಸಬೇಕು.

ಚಿಕ್ಕ ಮಕ್ಕಳಿರುವ ಮನೆಗೆ ನಾನು ಸ್ವಿಚ್ ಎಂದೇ ಹೇಳುತ್ತೇನೆ. ಮಾರಿಯೋ ಕಾರ್ಟ್‌ನಲ್ಲಿ ಅಜ್ಜ ಮೊಮ್ಮಗಳು ಒಟ್ಟಿಗೆ ಕೂತು ಆಡಿದ್ದನ್ನು ನೋಡಿದ್ದೇನೆ. ಎಷ್ಟು ಹೊತ್ತು ಆಡಬಹುದು ಎಂಬುದನ್ನು ಅಮ್ಮ ತನ್ನ ಮೊಬೈಲಿನಿಂದಲೇ ಕಟ್ಟುಮಾಡಬಹುದು. ಮೂರರ ಮೆನುವಿನಲ್ಲೂ ಕನ್ನಡವಿಲ್ಲ ಎಂಬ ಬೇಸರ ನನಗಿದೆ. ಕನ್ನಡ ಮಾಧ್ಯಮದ ಮಗುವಿನ ಪಕ್ಕದಲ್ಲಿ ಮೊದಲ ಕೆಲವು ದಿನ ಯಾರಾದರೂ ಕೂತು ಓದಿ ಹೇಳಬೇಕು.

ಇಪ್ಪತ್ತು ಸಾವಿರದೊಳಗೆ ಮುಗಿಯಬೇಕು ಎಂದರೆ ಸೆಕೆಂಡ್ ಹ್ಯಾಂಡ್ ಪಿಎಸ್4 ಈಗಲೂ ತಪ್ಪಲ್ಲ. ಅಗ್ಗದ ಡಿಸ್ಕ್‌ಗಳ ರಾಶಿಯೇ ಇದೆ. ಕೊಳ್ಳುವ ಮೊದಲು ಅರ್ಧ ಗಂಟೆ ಎದುರಿಗೇ ಆಡಿ ನೋಡಿ. ಎಚ್‌ಡಿಎಂಐ ಅಲುಗಾಡಿಸಿ, ಲ್ಯಾನ್ ಪೋರ್ಟ್ ಪರೀಕ್ಷಿಸಿ, ಕಂಟ್ರೋಲರಿನ ಕಡ್ಡಿ ಮುಟ್ಟದೆ ಬಿಟ್ಟಾಗ ಪಾತ್ರ ತಾನಾಗಿ ನಡೆಯುತ್ತದೆಯೇ ನೋಡಿ. ಕಡಲ ಬದಿಯ ಮನೆಯಲ್ಲಿದ್ದದ್ದಾದರೆ ಹಿಂಬದಿಯ ಪೋರ್ಟುಗಳಲ್ಲಿ ತುಕ್ಕು ಇದೆಯೇ ಎಂದು ಟಾರ್ಚು ಹಾಕಿ ನೋಡಿ.

ಚಿಕ್ಕಮ್ಮನ ಮಗ ಕೊನೆಗೆ ಡಿಸ್ಕ್ ಇರುವ ಪಿಎಸ್5 ಎಂದು ನಿಶ್ಚಯಿಸಿದ್ದಾನೆ. 671ರಿಂದ ಶುರುವಾಗುವ ಅವರ ಪಿನ್‌ಕೋಡಿಗೆ ಡೆಲಿವರಿ ಇಲ್ಲ ಎಂದು ತೋರಿಸಿತಂತೆ. ಮಂಗಳೂರಿಗೆ ಹೋಗಿ ಬಿಲ್ ಹಾಕಿಸಿಯೇ ತರುತ್ತಾನೆ. ತಂಗಿಗೆ ಮುಂದಿನ ವಿಷುವಿಗೆ ಹಳೆಯ ಸ್ವಿಚ್ ಒಂದನ್ನು ಹುಡುಕಿಕೊಡುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೇನೆ. ಈ ಭಾನುವಾರ ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡುತ್ತಾರೆ. ಅದು ಸರಿಯಾಯಿತು ಎಂದು ಫೋನ್ ಬಂದ ದಿನ ನನ್ನ ಕಪಾಟಿನ ಎರಡು ಡಿಸ್ಕ್‌ಗಳನ್ನು ಪೆರ್ಲದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟು ಕಳುಹಿಸುತ್ತೇನೆ.